150 ಸಿಸಿ ಎಫ್‌ಐ ಗಾಡಿಯ ಪಿಕಪ್: ಪುಣೆಯಲ್ಲಿ ನಾನು ಮಾಡಿಕೊಂಡಿದ್ದು

ನನ್ನದು 2021ರ ಪಲ್ಸರ್ 150. ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಗಾಡಿ. ಕಾರ್ಬ್ಯುರೇಟರ್ ಇಲ್ಲ, ಫ್ಯುಯೆಲ್ ಇಂಜೆಕ್ಷನ್ (ಎಫ್‌ಐ), ಅಂದರೆ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಗಾಡಿಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. 149.5 ಸಿಸಿ, 8500 ಆರ್‌ಪಿಎಂನಲ್ಲಿ 14 ಪಿಎಸ್ (ಅಶ್ವಶಕ್ತಿ) ಅಂತ ಕಾಗದದಲ್ಲಿದೆ. ಮನೆ ಭೋಸರಿಯಲ್ಲಿ, ಕೆಲಸ ಚಾಕಣದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ವಾರವೆಲ್ಲ ನಾಶಿಕ್ ರಸ್ತೆಯ ಟ್ರಕ್ಕುಗಳ ನಡುವೆ ನುಸುಳಾಟ. ರಜೆ ಸಿಕ್ಕರೆ ಹೆಂಡತಿಯನ್ನು ಕೂರಿಸಿಕೊಂಡು ಬೆಟ್ಟದ ಮೇಲಿನ ಸಿಂಹಗಡ ಕೋಟೆ. ಹಬ್ಬ ಬಂದರೆ ಸೊಲ್ಲಾಪುರದ ಮೇಲೆ ವಿಜಯಪುರ. ಎಲ್ಲಕ್ಕೂ ಇದೊಂದೇ ಗಾಡಿ.

ಪಿಕಪ್ ಹೆಚ್ಚಬೇಕು ಅಂದರೆ ಸಾಕು, ಸೈಲೆನ್ಸರ್ ಬದಲಿಸು, ಡಬ್ಬಿಯಿಲ್ಲದ ಕೋನ್ ಆಕಾರದ ಏರ್ ಫಿಲ್ಟರ್ (ಕೋನ್ ಫಿಲ್ಟರ್) ಹಾಕು ಅನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ನಾನು ಎರಡನ್ನೂ ಹಾಕಲಿಲ್ಲ. ಆದರೂ ಈಗ ಗಾಡಿ ಚೆನ್ನಾಗಿ ಎಳೆಯುತ್ತದೆ. ಇಷ್ಟು ಸಣ್ಣ ಎಂಜಿನ್ನಿಗೆ ಹೊಸ ಶಕ್ತಿ ಹುಡುಕುವ ಮೊದಲು ದಾರಿಯಲ್ಲಿ ಸೋರಿಹೋಗುತ್ತಿರುವುದನ್ನು ನಿಲ್ಲಿಸಬೇಕು. ಆಮೇಲೆ ಉಳಿದ ಶಕ್ತಿ ನಮಗೆ ಬೇಕಾದ ವೇಗದಲ್ಲಿ ಸಿಗುವಂತೆ ಗೇರಿಂಗ್ ಬದಲಿಸಬೇಕು. ನಾನು ಮಾಡಿದ್ದು ಇಷ್ಟೇ. ಕಾರಣ ಸರಳ. ದೊಡ್ಡ ಬೈಕಿನಲ್ಲಿ ಒಂದು ಪಿಎಸ್ ಹೋದರೆ ಗೊತ್ತೂ ಆಗುವುದಿಲ್ಲ. 14ರಲ್ಲಿ ಒಂದು ಹೋದರೆ ಘಾಟ್‌ನಲ್ಲಿ ಒಂದು ಗೇರ್ ಇಳಿಸಬೇಕಾಗುತ್ತದೆ.

ಅದರ ಮೇಲೆ ಊರಿನ ಎತ್ತರ ಬೇರೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. 100 ಮೀಟರ್ ಏರಿದರೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಮುಂಬೈಯಲ್ಲಿ 14 ಕೊಡುವ ಎಂಜಿನ್ ಇಲ್ಲಿ 13ರ ಆಸುಪಾಸು. 1300 ಮೀಟರ್ ದಾಟಿದ ಸಿಂಹಗಡದ ನೆತ್ತಿಯಲ್ಲಿ 12ರ ಹತ್ತಿರ. ಇದಕ್ಕೆ ಯಾವ ರಿಪೇರಿಯೂ ಇಲ್ಲ. ಕಾರ್ಬ್ಯುರೇಟರ್ ಗಾಡಿಯಾದರೆ ಎತ್ತರದಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಮುಗ್ಗರಿಸುತ್ತದೆ. ಎಫ್‌ಐ ಗಾಡಿ ಗಾಳಿಯ ಒತ್ತಡ ನೋಡಿಕೊಂಡು ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ. ಅಷ್ಟು ಅನುಕೂಲ ಖಂಡಿತ ಇದೆ.

ಕೆಲಸ ಶುರು ಮಾಡುವ ಮೊದಲು ಅಳೆಯುವ ದಾರಿ ಒಂದು ಬೇಕಿತ್ತು. ಹೊಸ ಸಾಮಾನು ಹಾಕಿಸಿದ ದಿನ ಗಾಡಿ ಹಾರುತ್ತಿದೆ ಅಂತಲೇ ಅನಿಸುತ್ತದೆ, ಅಲ್ವಾ? ಆ ಅನಿಸಿಕೆ ನಂಬುವ ಹಾಗಿಲ್ಲ. ಮೋಶಿ ಕಡೆ ಬೆಳಗಿನ ಜಾವ ಖಾಲಿ ಇರುವ ಒಂದು ಸಮತಟ್ಟಾದ ರಸ್ತೆ ಆರಿಸಿಕೊಂಡೆ. ಹಿಂದೆ ತಮ್ಮನನ್ನು ಕೂರಿಸಿಕೊಂಡು ಅವನ ಫೋನಿನಲ್ಲಿ ಮೀಟರ್‌ನ ವಿಡಿಯೋ ತೆಗೆಸಿದೆ. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಏರಲು ಎಷ್ಟು ಹೊತ್ತು ಅನ್ನುವುದನ್ನು ವಿಡಿಯೋ ನೋಡಿ ಬರೆದುಕೊಂಡೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ, ಗಾಳಿಯ ಲೆಕ್ಕ ಸರಿಹೋಗಲಿ ಅಂತ. ಮುಂದೆ ಏನೇ ಬದಲಿಸಿದರೂ ಒಂದೊಂದನ್ನೇ ಬದಲಿಸಿ ಅದೇ ರಸ್ತೆಯಲ್ಲಿ ಅದೇ ತೂಕದೊಂದಿಗೆ ಅಳೆದೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಭೋಸರಿಯಲ್ಲಿ ನಾನು ಹೋಗುವ ಗ್ಯಾರೇಜಿನವರು ಕಲಬುರಗಿ ಕಡೆಯವರು. "ಅಣ್ಣಾ, ಪಿಕಪ್ ಬೇಕು" ಅಂದೆ. "ಸರ, ಮೊದಲ ಹಿಂದಿನ ಗಾಲಿ ತಿರುವಿ ನೋಡೂಣ್ರಿ. ಆಮ್ಯಾಲ ಎಂಜಿನ್ ಮಾತು" ಅಂದರು. ಡಬಲ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸಿದರೆ ಗಾಲಿ ಒಂದು ಸುತ್ತೂ ಪೂರ್ತಿ ಹೋಗಲಿಲ್ಲ. ಚೈನ್ ಬಿಗಿಯಾಗಿತ್ತು, ಸವೆದೂ ಇತ್ತು. ಚೈನ್ ಬಿಗಿ ಇದ್ದರೆ ಗಾಡಿ ಗಟ್ಟಿ ಅನ್ನುವುದು ತಪ್ಪು ತಿಳುವಳಿಕೆ. ಇಬ್ಬರು ಕೂತಾಗ ಹಿಂದಿನ ಗಾಲಿ ಮೇಲಕ್ಕೆ ಹೋಗುತ್ತದೆ, ಚೈನ್ ಇನ್ನೂ ಎಳೆದುಕೊಂಡು ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಓನರ್ಸ್ ಮ್ಯಾನುವಲ್‌ನಲ್ಲಿ ಹೇಳಿದಷ್ಟು ಸಡಿಲ ಬಿಡಲೇಬೇಕು. ಚೈನ್ ಬಿಚ್ಚಿದ ಮೇಲೂ ಗಾಲಿಯಲ್ಲಿ ಸ್ವಲ್ಪ ಹಿಡಿತ ಉಳಿದಿತ್ತು. ಅದು ಬ್ರೇಕಿನದು. ಮುಂದಿನ ಡಿಸ್ಕ್‌ನಲ್ಲೂ ಕ್ಯಾಲಿಪರ್ ಪಿನ್‌ಗಳಿಗೆ ಚಾಕಣದ ಧೂಳು ಮೆತ್ತಿ ಪ್ಯಾಡ್ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಪಿನ್ ಬಿಚ್ಚಿ ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿದರು. ನಾನಾ ಪೇಠದಿಂದ ಹೊಸ ಚೈನ್ ಸೆಟ್ ತಂದೆ. ಟೈರ್ ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆದು ಹಾಕಿಸಿದೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಬದಲಾವಣೆ ಇದೇ. ಎಂಜಿನ್ ಮುಟ್ಟಿರಲೇ ಇಲ್ಲ, ಆದರೂ ವಿಡಿಯೋದಲ್ಲಿ ವ್ಯತ್ಯಾಸ ಕಾಣಿಸಿತು.

ಆಮೇಲೆ ಏರ್ ಫಿಲ್ಟರ್. ಎಫ್‌ಐ ಗಾಡಿಯವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಜಾಸ್ತಿಯಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಹೊಗೆ ಬರುತ್ತದೆ. ನಮಗೆ ಬೇಗ ಗೊತ್ತಾಗುತ್ತದೆ. ಎಫ್‌ಐ ಗಾಡಿ ಹಾಗಲ್ಲ. ಗಾಳಿ ಕಡಿಮೆ ಬರುತ್ತಿದೆ ಅಂತ ಸೆನ್ಸರ್ ಹೇಳುತ್ತದೆ, ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಪೆಟ್ರೋಲನ್ನೂ ಅಷ್ಟೇ ಕಡಿಮೆ ಮಾಡುತ್ತದೆ. ಮಿಶ್ರಣ ಸರಿಯಾಗೇ ಇರುತ್ತದೆ. ಹೊಗೆ ಇಲ್ಲ, ಮುಗ್ಗರಿಸುವುದಿಲ್ಲ, ಮೀಟರ್‌ನಲ್ಲಿ ದೀಪವೂ ಹತ್ತುವುದಿಲ್ಲ. ಗಾಡಿ ದಿನದಿನಕ್ಕೆ ಸುಮ್ನೆ ಸೋಲುತ್ತಾ ಹೋಗುತ್ತದೆ. ನಾವೂ ಅದಕ್ಕೆ ಒಗ್ಗಿಕೊಂಡುಬಿಡುತ್ತೇವೆ. ಟ್ರಕ್ಕುಗಳ ಹಿಂದೆ ಓಡಾಡುವವರಿಗೆ ಮ್ಯಾನುವಲ್‌ನ ಕಿಲೋಮೀಟರ್ ಲೆಕ್ಕ ಸಾಲದು. ಅದಕ್ಕಿಂತ ಮೊದಲೇ ಬಿಚ್ಚಿ ನೋಡಬೇಕು. ಪೇಪರ್ ಫಿಲ್ಟರ್ ಆದರೆ ಬದಲಿಸುವುದೇ ಸರಿ. ಜೋರಾಗಿ ಗಾಳಿ ಹೊಡೆದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ, ಅಲ್ಲಿಂದ ನುಗ್ಗುವ ಧೂಳು ಪಿಸ್ಟನ್ ರಿಂಗ್ ತಿನ್ನುತ್ತದೆ.

ಅದೇ ದಿನ ಥ್ರಾಟಲ್ ಬಾಡಿಯನ್ನೂ ಶುಚಿ ಮಾಡಿದೆವು. ಒಳಗಿನ ತಟ್ಟೆಯಂಥ ವಾಲ್ವ್‌ನ ಅಂಚಿನಲ್ಲಿ ಕಪ್ಪು ಮಸಿ ಕೂತಿರುತ್ತದೆ. ಆಕ್ಸಿಲರೇಟರ್ ಸ್ವಲ್ಪವೇ ತಿರುಗಿಸಿದಾಗ ಗಾಡಿ ಜರ್ಕ್ ಹೊಡೆಯುವುದಕ್ಕೆ ಇದು ದೊಡ್ಡ ಕಾರಣ. ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ಸೆನ್ಸರ್ ಮೇಲೆ ನೇರ ಸ್ಪ್ರೇ ಹೊಡೆಯಬಾರದು. ಪೇಂಟ್ ಹಚ್ಚಿ ಕೂರಿಸಿರುವ ಸ್ಟಾಪ್ ಸ್ಕ್ರೂ ಮುಟ್ಟಲೇಬಾರದು. ಅದು ಕಾರ್ಖಾನೆಯಲ್ಲಿ ಅಳೆದು ಇಟ್ಟದ್ದು. ಅದನ್ನು ತಿರುವಿದರೆ ಥ್ರಾಟಲ್ ಎಷ್ಟು ತೆರೆದಿದೆ ಅನ್ನುವ ಲೆಕ್ಕವೇ ಇಸಿಯುಗೆ ತಪ್ಪಿಹೋಗುತ್ತದೆ. ಥ್ರಾಟಲ್ ಕೇಬಲ್ ಮತ್ತು ಕ್ಲಚ್ ಕೇಬಲ್‌ಗಳ ಸಡಿಲವನ್ನೂ ಆಗಲೇ ಸರಿಮಾಡಿಸಿದೆ. ಕೇಬಲ್ ಸಡಿಲವಾಗಿ, ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ವಾಲ್ವ್ ಪೂರ್ತಿ ತೆರೆಯದ ಗಾಡಿಗಳು ಬೇಕಾದಷ್ಟಿವೆ.

ಪ್ಲಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಗಾಡಿಗೆ ಎರಡು ಪ್ಲಗ್. ಕೈಗೆ ಸುಲಭವಾಗಿ ಸಿಗುವ ಒಂದನ್ನೇ ಬದಲಿಸಿ ಬಿಡುವವರಿದ್ದಾರೆ. ಎದುರಿಗೆ ನಿಂತು ಎರಡನ್ನೂ ಬದಲಿಸಿ. ಇರಿಡಿಯಂ ಪ್ಲಗ್ ಹೆಚ್ಚು ದಿನ ಬಾಳುತ್ತದೆ, ಆದರೆ ಒಳ್ಳೆಯ ಮಾಮೂಲಿ ಪ್ಲಗ್‌ಗಿಂತ ಹೆಚ್ಚು ಶಕ್ತಿ ಕೊಡುವುದಿಲ್ಲ. ಜಾಸ್ತಿ ಆಕ್ಟೇನ್‌ನ ದುಬಾರಿ ಪೆಟ್ರೋಲೂ ಅಷ್ಟೇ. ಎಂಜಿನ್ ನಾಕ್ (ಒಳಗೆ ಮಿಶ್ರಣ ತಾನಾಗಿ ಸಿಡಿದು ಬರುವ ಟಕಟಕ ಸದ್ದು) ಹೊಡೆಯುತ್ತಿಲ್ಲ ಅಂದರೆ ಅದರಿಂದ ಸಿಗುವುದು ಏನೂ ಇಲ್ಲ.

ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸಣ್ಣ ಸಂದು, ಅದನ್ನು ಮಾತ್ರ ಮರೆಯಬೇಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿ ಗ್ಯಾರೇಜಿನಲ್ಲೇ ಗಾಡಿ ಬಿಟ್ಟು ಬೆಳಿಗ್ಗೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿಸಬೇಕು. ಕೆಲವರು ಸದ್ದು ಬರುತ್ತದೆ ಅಂತ ಬಿಗಿ ಮಾಡಿಸುತ್ತಾರೆ. ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಸ್ವಲ್ಪ ಸದ್ದು ಇರುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಟ್ಯಾಪೆಟ್ ಬಗ್ಗೆ ಹೆಚ್ಚು ಹೆದರಬೇಕು. ಆಯಿಲ್ ಕೊಳ್ಳುವಾಗ ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಅಪಾಯವಿದೆ.

ಇಷ್ಟಾದ ಮೇಲೆ ಗಾಡಿ ಹೊಸದಿದ್ದಾಗ ಹೇಗಿತ್ತೋ ಹಾಗಾಯಿತು. ಬಹಳ ಜನರಿಗೆ ಇಷ್ಟೇ ಸಾಕು. ನನಗೆ ಸಿಂಹಗಡದ ಏರಿಗೆ ಇನ್ನೂ ಸ್ವಲ್ಪ ಬೇಕಿತ್ತು. ಗಾಡಿ 148 ಕಿಲೋ ಅಂತಿಟ್ಟುಕೊಳ್ಳಿ, ಮೇಲೆ ನಾವಿಬ್ಬರು. ದೋಣಜೆ ದಾಟಿ ಏರು ಶುರುವಾದರೆ ಎರಡನೇ ಗೇರಿಗೆ ಇಳಿಸದೆ ದಾರಿಯಿರಲಿಲ್ಲ. ಅದಕ್ಕೆ ಮುಂದಿನ ಸ್ಪ್ರಾಕೆಟ್ಟನ್ನು, ಅಂದರೆ ಚೈನ್ ಎಳೆಯುವ ಹಲ್ಲುಚಕ್ರವನ್ನು, ಒಂದು ಹಲ್ಲು ಚಿಕ್ಕದು ಹಾಕಿಸಿದೆ.

ಇದರ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಉದಾಹರಣೆಗೆ 14 ಹಲ್ಲಿನ ಜಾಗದಲ್ಲಿ 13 ಹಾಕಿದರೆ ಹಿಂದಿನ ಗಾಲಿಗೆ ಸಿಗುವ ಎಳೆತ ಶೇಕಡಾ 7ಕ್ಕಿಂತ ಸ್ವಲ್ಪ ಜಾಸ್ತಿಯಾಗುತ್ತದೆ. ಎಂಜಿನ್ನಿನ ಶಕ್ತಿ ಒಂದು ಚೂರೂ ಹೆಚ್ಚುವುದಿಲ್ಲ. ಅದೇ ಶಕ್ತಿ ಕಡಿಮೆ ವೇಗದಲ್ಲೇ ಕೈಗೆ ಸಿಗುತ್ತದೆ. ಬದಲಿಗೆ ಅದೇ ವೇಗಕ್ಕೆ ಎಂಜಿನ್ ಶೇಕಡಾ 7ರಷ್ಟು ಹೆಚ್ಚು ಸುತ್ತಬೇಕು. 6500ರಲ್ಲಿ ಓಡುತ್ತಿದ್ದುದು 7000ಕ್ಕೆ ಹೋಗುತ್ತದೆ. ಇದೇ ಫಲ ಹಿಂದಿನಿಂದ ಬೇಕಾದರೆ, 42 ಹಲ್ಲಿನ ಸ್ಪ್ರಾಕೆಟ್‌ನಲ್ಲಿ ಮೂರು ಹಲ್ಲು ಜಾಸ್ತಿ ಮಾಡಬೇಕು. ಚೈನೂ ಉದ್ದ ಬೇಕಾಗಬಹುದು. ಮುಂದಿನದು ಅಗ್ಗ, ಬೇಗ ಆಗುವ ಕೆಲಸ. ಆದರೆ ತೀರಾ ಚಿಕ್ಕದಕ್ಕೆ ಹೋಗಬೇಡಿ. ಚೈನ್ ಹೆಚ್ಚು ಮಡಚಿ ಬೇಗ ಸವೆಯುತ್ತದೆ, ಸ್ವಿಂಗ್‌ಆರ್ಮ್‌ನ ರಬ್ಬರಿಗೂ ಉಜ್ಜುತ್ತದೆ. ನಿಮ್ಮ ಗಾಡಿಯ ಸ್ಪೀಡೋಮೀಟರ್ ಎಲ್ಲಿಂದ ಓದುತ್ತದೆ ಅಂತಲೂ ಕೇಳಿಕೊಳ್ಳಿ. ಮುಂದಿನ ಗಾಲಿಯಿಂದ ಓದಿದರೆ ಏನೂ ಬದಲಾಗುವುದಿಲ್ಲ. ಗೇರ್‌ಬಾಕ್ಸ್‌ನಿಂದ ಓದಿದರೆ ವೇಗ ಮತ್ತು ಕಿಲೋಮೀಟರ್ ಎರಡನ್ನೂ ಜಾಸ್ತಿ ತೋರಿಸುತ್ತದೆ.

ಫಲ ಸಿಂಹಗಡದಲ್ಲಿ ಚೆನ್ನಾಗಿ ಕಂಡಿತು. ಎರಡಕ್ಕೆ ಇಳಿಸುತ್ತಿದ್ದ ಹಲವು ಕಡೆ ಈಗ ಮೂರರಲ್ಲೇ ಏರುತ್ತದೆ. ಚಾಕಣದ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಹಿಡಿಯುವುದೂ ಕಡಿಮೆಯಾಯಿತು. ತೆರಬೇಕಾದ ಬೆಲೆ ಸೊಲ್ಲಾಪುರ ರಸ್ತೆಯಲ್ಲಿ ಗೊತ್ತಾಯಿತು. ಇಂದಾಪುರ ದಾಟಿದ ಮೇಲೆ ರಸ್ತೆ ನೇರ, ಸಮತಟ್ಟು. ಅಲ್ಲಿ ಎಂಜಿನ್ ಬೇಡದೆ ಕೂಗುತ್ತದೆ, ಕೈಗೆ ನಡುಕ ಹತ್ತುತ್ತದೆ, ಮೈಲೇಜೂ ಸ್ವಲ್ಪ ಇಳಿಯುತ್ತದೆ.

ಇನ್ನು ಸೈಲೆನ್ಸರ್ ಮತ್ತು ಕೋನ್ ಫಿಲ್ಟರ್ ಯಾಕೆ ಬೇಡ ಅಂತ ಹೇಳಬೇಕು. ಬಿಎಸ್ 6 ಗಾಡಿಯ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗ ಅದು ಹೇಳಿದಂತೆ ಇಸಿಯು ಮಿಶ್ರಣವನ್ನು ಗಾಳಿ 14.7ಕ್ಕೆ ಪೆಟ್ರೋಲ್ 1ರ ಹತ್ತಿರ ಇಡುತ್ತದೆ. ನೀವು ಏನೇ ಹಾಕಿ, ಅದು ಮತ್ತೆ ಅಲ್ಲಿಗೇ ಎಳೆದು ತರುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸೆನ್ಸರ್ ಮಾತು ಬಿಟ್ಟು ಇಸಿಯು ತನ್ನಲ್ಲಿ ಮೊದಲೇ ಬರೆದಿಟ್ಟ ಮ್ಯಾಪ್ (ಪೆಟ್ರೋಲ್ ಲೆಕ್ಕದ ಪಟ್ಟಿ) ಪ್ರಕಾರ ಪೆಟ್ರೋಲ್ ಹಾಕುತ್ತದೆ. ಆ ಮ್ಯಾಪ್ ಹಳೆಯ ಸೈಲೆನ್ಸರಿಗೆ ಬರೆದದ್ದು. ಗಾಳಿಯ ಓಟ ಬದಲಾಗಿ ಮ್ಯಾಪ್ ಹಾಗೇ ಉಳಿದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಕೋನ್ ಫಿಲ್ಟರ್ ಇನ್ನೂ ಒಂದು ಕೆಡುಕು ಮಾಡುತ್ತದೆ. ಅದು ಎಂಜಿನ್ ಪಕ್ಕದ ಬಿಸಿಗಾಳಿ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಶೇಕಡಾ 3ರಷ್ಟು ತೆಳುವಾಗುತ್ತದೆ. ಮಳೆಗಾಲದಲ್ಲಿ ಲೋಣಾವಳದ ಕಡೆ ಹೋದರೆ ನೀರನ್ನೂ ಎಳೆಯುತ್ತದೆ.

ಇವನ್ನು ಹಾಕಲೇಬೇಕು ಅನ್ನುವವರು ಮ್ಯಾಪ್ ಬದಲಿಸುವ ಪೆಟ್ಟಿಗೆಯನ್ನೂ ಹಾಕಬೇಕು. ಬೆಂಗಳೂರಿನ ರೇಸ್‌ಡೈನಮಿಕ್ಸ್‌ನ ಪವರ್‌ಟ್ರಾನಿಕ್, ಫ್ಯುಯೆಲ್‌ಎಕ್ಸ್ ಅಂಥವು. ಅವು ನಿಜವಾಗಿ ಕೆಲಸ ಮಾಡುವ ವಸ್ತುಗಳು. ಆದರೆ ದಿನದ ಓಡಾಟದ 150 ಸಿಸಿ ಗಾಡಿಗೆ ಅಷ್ಟು ಹಣ ಹಾಕಲು ನನಗೆ ಮನಸ್ಸು ಬರಲಿಲ್ಲ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಸದ್ದು, ಹೊಗೆಯ ನಿಯಮ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ. ಪುಣೆ ಪೊಲೀಸರು ಅಂಥ ಸೈಲೆನ್ಸರ್‌ಗಳನ್ನು ರಾಶಿ ಹಾಕಿ ರೋಡ್ ರೋಲರ್ ಹತ್ತಿಸಿದ್ದಾರೆ. ಸ್ಪ್ರಾಕೆಟ್ ಬದಲಿಸಿದರೂ ವಾರಂಟಿಗೆ ತೊಂದರೆ ಆಗಬಹುದು. ನನ್ನ ಗಾಡಿಯ ವಾರಂಟಿ ಮುಗಿದ ಮೇಲೆಯೇ ನಾನು ಅದಕ್ಕೆ ಕೈ ಹಾಕಿದ್ದು.

ತೂಕ ಇಳಿಸಲು ಸಾರಿ ಗಾರ್ಡ್ ಬಿಚ್ಚುವವರಿದ್ದಾರೆ. ಅದನ್ನು ಮಾಡಬೇಡಿ. ಹಿಂದೆ ಕೂತವರ ಬಟ್ಟೆ ಗಾಲಿಗೆ ಸಿಗದಂತೆ ಗಾಲಿಯ ಅರ್ಧವನ್ನಾದರೂ ಮುಚ್ಚಿರಬೇಕು ಅಂತ ನಿಯಮವೇ ಇದೆ. ನಾನು ಬಿಚ್ಚಿದ್ದು ಆಮೇಲೆ ಹಾಕಿಸಿದ್ದ ಭಾರಿ ಕ್ರ್ಯಾಶ್ ಗಾರ್ಡ್ ಒಂದನ್ನೇ. ಅದರ ಜಾಗಕ್ಕೆ ಕಂಪನಿಯ ಹಗುರದ್ದು ಬಂತು.

ಹಳೆಯ ಸ್ಪ್ರಾಕೆಟ್ಟನ್ನು ಎಸೆಯಬೇಡಿ. ಎಣ್ಣೆ ಸವರಿ ಕಾಗದ ಸುತ್ತಿ ಇಡಿ. ವಿಜಯಪುರಕ್ಕೆ ಹೊರಡುವ ಮುನ್ನ ನಾನು ಅದನ್ನು ಮತ್ತೆ ಹಾಕಿಸುತ್ತೇನೆ. ಅರ್ಧ ಗಂಟೆಯೂ ಹಿಡಿಯದ ಕೆಲಸ. ಆದರೆ ಪ್ರತಿ ಸಲವೂ ಚೈನಿನ ಸಡಿಲ ಮತ್ತು ಗಾಲಿಯ ನೇರ ಎರಡನ್ನೂ ಹೊಸದಾಗಿ ಅಳೆಯಬೇಕು, ಆಕ್ಸಲ್ ನಟ್ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು.