ಬಸುರಿಯ ಥೈರಾಯ್ಡ್ ಮಾತ್ರೆ: ಕಾಫಿಗೆ ಮುಂಚೆ, ಐರನ್‌ನಿಂದ ದೂರ

ನನ್ನ ನಾದಿನಿ ಬಸುರಿಯಾಗಿದ್ದಾಗ, ಥೈರಾಯ್ಡ್ ಕಡಿಮೆ ಇರುವವರಿಗೆ ಕೊಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ನಾಲ್ಕನೇ ತಿಂಗಳಲ್ಲಿ ಟಿಎಸ್‌ಎಚ್ (ದೇಹಕ್ಕೆ ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ) 6 ದಾಟಿತ್ತು. ಡಾಕ್ಟರ್ ಡೋಸ್ ಬರೆಯುವ ಮುಂಚೆ ಒಂದೇ ಪ್ರಶ್ನೆ ಕೇಳಿದರು. "ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಮ್ಮಾ? ಒಂದಾದ ಮೇಲೆ ಒಂದು ಹೇಳಿ." ಮುಖ ತೊಳೆದು ಮಾತ್ರೆ, ಹತ್ತು ನಿಮಿಷಕ್ಕೆ ಫಿಲ್ಟರ್ ಕಾಫಿ, ತಿಂಡಿ ಆಗುತ್ತಿದ್ದ ಹಾಗೆ, ಆಮೇಲೆ ಮರೆತು ಹೋಗುತ್ತೆ ಅಂತ ಐರನ್ ಮಾತ್ರೆ. ತಪ್ಪಿದ್ದದ್ದು ಅಲ್ಲೇ.

ಬಸುರಿಯಲ್ಲಿ ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಸುಮಾರು 12 ವಾರದವರೆಗೆ ಮಗು ತನ್ನ ಥೈರಾಯ್ಡ್ ಹಾರ್ಮೋನನ್ನು ತಾನೇ ಮಾಡಿಕೊಳ್ಳುವುದಿಲ್ಲ. ಅದರ ಮಿದುಳು ಬೆಳೆಯಲು ಬೇಕಾದದ್ದೆಲ್ಲ ಅಮ್ಮನ ರಕ್ತದಿಂದಲೇ ಹೋಗಬೇಕು. ಆಮೇಲೂ ಕೆಲವು ವಾರ ಪೂರ್ತಿ ಸ್ವಂತ ಕಾಲಿನ ಮೇಲೆ ನಿಲ್ಲುವುದಿಲ್ಲ.

ಬಸುರಿಯಾಗುವ ಮುಂಚೆ

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದು ಮಗು ಬೇಕು ಅಂತಿದ್ದರೆ, ಮೊದಲು ಟಿಎಸ್‌ಎಚ್ 2.5ರ ಕೆಳಗೆ ತಂದುಕೊಳ್ಳಿ. ಅದೇ ಭೇಟಿಯಲ್ಲಿ ಇನ್ನೊಂದು ಮಾತು ಕೇಳಿಟ್ಟುಕೊಳ್ಳಿ: "ಪಾಸಿಟಿವ್ ಬಂದ ದಿನ ಡೋಸ್ ಎಷ್ಟು ಮಾಡಲಿ?" ಬಸುರಿಯಾದ ಕೂಡಲೇ ದೇಹಕ್ಕೆ ಹಾರ್ಮೋನ್ ಜಾಸ್ತಿ ಬೇಕು. ದಿನಕ್ಕೊಂದರಂತೆ ವಾರಕ್ಕೆ 7 ಮಾತ್ರೆ ತೆಗೆದುಕೊಳ್ಳುವವರಿಗೆ 9 ಮಾಡಿ ಅಂತ ಎಷ್ಟೋ ಡಾಕ್ಟರ್‌ಗಳು ಮುಂಚೆಯೇ ಹೇಳಿರುತ್ತಾರೆ. ಕೇಳದೆ ನೀವೇ ಏರಿಸಬೇಡಿ. ಹಾಗಂತ ಅಪಾಯಿಂಟ್‌ಮೆಂಟ್ ಸಿಗಲಿ ಅಂತ ಮೂರು ವಾರ ಕಾಯುತ್ತಾ ಕೂರಲೂಬೇಡಿ, ಒಂದು ಫೋನ್ ಮಾಡಿ.

ಥೈರಾಯ್ಡ್ ಜಾಸ್ತಿ ಇದ್ದು, ಅದನ್ನು ಇಳಿಸಲು ಕಾರ್ಬಿಮಜೋಲ್ ತೆಗೆದುಕೊಳ್ಳುವವರ ಕಥೆ ಬೇರೆ. ಮೊದಲ ವಾರಗಳಲ್ಲಿ ಅದರಿಂದ ಮಗುವಿಗೆ ತೊಂದರೆ ಆಗಬಹುದು, ಹಾಗಾಗಿ ಬಸುರಿಯಾಗುವ ಯೋಚನೆ ಬಂದಾಗಲೇ ಡಾಕ್ಟರ್ ಹತ್ತಿರ ಮಾತಾಡಿ.

ಇನ್ನು ಥೈರಾಯ್ಡ್ ಇದೆಯೋ ಇಲ್ಲವೋ ಗೊತ್ತೇ ಇಲ್ಲದವರು. ಸುಸ್ತು, ಮಲಬದ್ಧತೆ, ತೂಕ ಏರುವುದು ಎಲ್ಲವೂ ಬಸುರಿಯರಿಗೆ ಹೇಗೂ ಇರುತ್ತವೆ, ಲಕ್ಷಣ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದ್ದರೆ, ಹಿಂದೆ ಗರ್ಭಪಾತ ಆಗಿದ್ದರೆ, ಕುತ್ತಿಗೆ ದಪ್ಪ ಕಾಣುತ್ತಿದ್ದರೆ, ಟೈಪ್ 1 ಸಕ್ಕರೆ ಕಾಯಿಲೆ ಇದ್ದರೆ ಮೊದಲ ತಪಾಸಣೆಯಲ್ಲೇ ಬಾಯಿಬಿಟ್ಟು ಹೇಳಿ ಟಿಎಸ್‌ಎಚ್ ಮಾಡಿಸಿ.

ಮಾತ್ರೆ ನುಂಗುವ ಹೊತ್ತು

ಬಾಟಲಿಯನ್ನು ಅಡುಗೆಮನೆಯಲ್ಲಿ ಇಡಬೇಡಿ. ಒಲೆಯ ಬಿಸಿ, ಹಬೆ ಅದಕ್ಕೆ ಆಗಿಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಅಲ್ಲಿಗೆ ಹೋದರೆ ಕೈ ಡಿಕಾಕ್ಷನ್ ಕಡೆಗೇ ಹೋಗುತ್ತದೆ. ದಿಂಬಿನ ಪಕ್ಕ ಬಾಟಲಿ, ಒಂದು ಲೋಟ ನೀರು ಇಟ್ಟುಕೊಂಡು ಮಲಗಿ. ಬಸುರಿಯರು ಬೆಳಗಿನ ಜಾವ ಬಾತ್‌ರೂಮಿಗೆ ಏಳುವುದು ಇದ್ದೇ ಇದೆ. ಆಗಲೇ ಬರೀ ನೀರಿನಲ್ಲಿ ನುಂಗಿ, ಮತ್ತೆ ಮಲಗಿಬಿಡಿ. ನೀವು ಪೂರ್ತಿ ಎಚ್ಚರವಾಗುವ ಹೊತ್ತಿಗೆ ಕಾಫಿಗೆ ಬೇಕಾದ ಮುಕ್ಕಾಲು ಗಂಟೆ, ಒಂದು ಗಂಟೆ ತಾನಾಗಿಯೇ ಕಳೆದಿರುತ್ತದೆ. ನಾದಿನಿ ಕೊನೆಗೆ ಮಾಡಿದ್ದು ಇಷ್ಟೇ.

ಐರನ್, ಕ್ಯಾಲ್ಸಿಯಂ ಎರಡೂ ಹೊಟ್ಟೆಯಲ್ಲಿ ಈ ಮಾತ್ರೆಯನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಐರನ್ನೂ ಕ್ಯಾಲ್ಸಿಯಮ್ಮೂ ಒಂದಕ್ಕೊಂದು ಆಗದ ನೆಂಟರು, ಅವನ್ನೂ ದೂರ ಇಡಬೇಕು. ನಮ್ಮ ಮನೆಯಲ್ಲಿ ನಡೆದ ಲೆಕ್ಕ ಹೀಗಿತ್ತು: ಬೆಳಿಗ್ಗೆ ಆರಕ್ಕೆ ಥೈರಾಯ್ಡ್, ಮಧ್ಯಾಹ್ನ ಊಟವಾದ ಮೇಲೆ ಒಂದು ಕ್ಯಾಲ್ಸಿಯಂ, ಸಂಜೆ ನಾಲ್ಕಕ್ಕೆ ನಿಂಬೆ ಪಾನಕದ ಜೊತೆ ಐರನ್ (ಟೀ ಜೊತೆ ಅಲ್ಲ), ರಾತ್ರಿ ಊಟದ ನಂತರ ಇನ್ನೊಂದು ಕ್ಯಾಲ್ಸಿಯಂ. ಆಶಾ ಕಾರ್ಯಕರ್ತೆ ಮಾತ್ರೆ ತಂದುಕೊಟ್ಟಾಗ ಥೈರಾಯ್ಡ್ ಇರುವುದನ್ನು ಹೇಳಿ, ತಾಯಿ ಕಾರ್ಡ್‌ನಲ್ಲಿ ಡೋಸ್ ಬರೆಸಿಟ್ಟುಕೊಳ್ಳಿ.

ಬೆಳಿಗ್ಗೆ ವಾಂತಿ ಜೋರಾಗಿದ್ದು ಮಾತ್ರೆ ನಿಲ್ಲುತ್ತಲೇ ಇಲ್ಲ ಅಂದರೆ, ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಾಯಿಸಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು. ಆಗ ರಾತ್ರಿಯ ಕ್ಯಾಲ್ಸಿಯಂ ಬೆಳಗಿನ ತಿಂಡಿಗೆ ಹೋಗುತ್ತದೆ. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಗಾಬರಿ ಬೇಡ.

ಇನ್ನೊಂದು. ಮೆಡಿಕಲ್ ಶಾಪ್‌ನಲ್ಲಿ "ಇದೂ ಅದೇ ಮೇಡಂ" ಅಂತ ಬೇರೆ ಕಂಪನಿಯದು ಕೊಟ್ಟರೆ ಸುಮ್ನೆ ತೆಗೆದುಕೊಂಡು ಬರಬೇಡಿ. ಮದ್ದು ಅದೇ ಲಿವೊಥೈರಾಕ್ಸಿನ್ ಇರಬಹುದು. ಆದರೂ ಬಸುರಿಯಲ್ಲಿ ಬ್ರ್ಯಾಂಡ್ ಬದಲಾಯಿಸದಿರುವುದೇ ಒಳ್ಳೆಯದು, ಬದಲಾದರೆ ಟಿಎಸ್‌ಎಚ್ ಮತ್ತೆ ನೋಡಬೇಕಾಗುತ್ತದೆ. ಬಾಟಲಿಯ ಮೇಲೆ 25, 50, 75 ಅಂತ ಇರುವ ಅಂಕಿಯನ್ನೂ ಪ್ರತಿ ಸಲ ಓದಿ.

ರಕ್ತ ಕೊಡುವ ದಿನ

ಟಿಎಸ್‌ಎಚ್ ಪರೀಕ್ಷೆ ಸುಮಾರು 20 ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, ಮತ್ತೆ 30ನೇ ವಾರದ ಹತ್ತಿರ ಒಂದು ಸಲ. ಆ ದಿನ ಮಾತ್ರೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆ ಅಂತ ಬಯೋಟಿನ್ ಇರುವ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಅದು ರಿಪೋರ್ಟನ್ನೇ ತಲೆಕೆಳಗು ಮಾಡಬಲ್ಲದು.

ರಿಪೋರ್ಟ್‌ನ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿ ಎಷ್ಟೋ ಸಲ ಬಸುರಿಯರದ್ದಲ್ಲ, ಎಲ್ಲರದ್ದು. ಮೊದಲ ಮೂರು ತಿಂಗಳು, ಬಸುರಿಯಾದಾಗ ಏರುವ ಎಚ್‌ಸಿಜಿ ಹಾರ್ಮೋನ್ ಥೈರಾಯ್ಡನ್ನು ತಿವಿಯುವುದರಿಂದ ಟಿಎಸ್‌ಎಚ್ ಸ್ವಲ್ಪ ಇಳಿಯುವುದು ಸಹಜ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2011ರಲ್ಲಿ ಆ ತಿಂಗಳುಗಳಿಗೆ 2.5 ಅಂತ ಮಿತಿ ಹಾಕಿತ್ತು. 2017ರಲ್ಲಿ, ಆಯಾ ಊರಿನ ಬಸುರಿಯರದ್ದೇ ಅಳತೆ ಇಲ್ಲದ ಕಡೆ ಸುಮಾರು 4 ಅಂತ ಸಡಿಲಿಸಿತು. ಹಾಗಾಗಿ ಮಾತ್ರೆಯನ್ನೇ ತಿನ್ನದವರಿಗೆ 3.2 ಬಂದರೆ ಪಕ್ಕದ ಮನೆಯವರು ಏನಾದರೂ ಹೇಳಲಿ, ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಉಪ್ಪಿನ ಬಗ್ಗೆ ಎರಡೇ ಮಾತು. ಆರೋಗ್ಯಕ್ಕೆ ಒಳ್ಳೆಯದು ಅಂತ ಸೈಂಧವ ಲವಣಕ್ಕೆ ಬದಲಾಗಿದ್ದರೆ ಬಸುರಿಯಲ್ಲಿ ಮತ್ತೆ ಅಯೋಡಿನ್ ಉಪ್ಪಿಗೆ ಬನ್ನಿ. ಎಲೆಕೋಸು ಥೈರಾಯ್ಡ್‌ಗೆ ಆಗದು ಅನ್ನುತ್ತಾರಲ್ಲ, ಪಲ್ಯ ಬೇಯಿಸಿ ತಿಂದರೆ ಏನೂ ಆಗುವುದಿಲ್ಲ.

ಹೆರಿಗೆ ಆದ ಮೇಲೆ

ಏರಿಸಿದ ಡೋಸ್ ಸಾಮಾನ್ಯವಾಗಿ ಹಳೆಯ ಅಳತೆಗೆ ಇಳಿಯುತ್ತದೆ. ಡಿಸ್ಚಾರ್ಜ್ ಆಗುವಾಗಲೇ ಕೇಳಿಕೊಳ್ಳಿ, ಆರು ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ಹಾಲೂಡಿಸುವಾಗ ಮಾತ್ರೆ ಬಿಡಬೇಕಿಲ್ಲ. ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡುತ್ತಾರೆ. ನೋಡಿಲ್ಲ ಅಂದರೆ ನೀವೇ ಕೇಳಿ ಮಾಡಿಸಿ.

ಮುಂಚೆ ಏನೂ ಇಲ್ಲದವರಿಗೂ ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಕೆಡಬಹುದು. ಮೊದಲು ಎದೆ ಡವಡವ, ಸಿಡಿಮಿಡಿ, ಆಮೇಲೆ ಕೆಲವು ತಿಂಗಳಿಗೆ ಕೈಕಾಲು ಎಳೆದಂಥ ಸುಸ್ತು. ಅತ್ತೆಯವರು "ಬಾಣಂತನ ಸರಿಯಾಗಿ ಆಗಲಿಲ್ಲ, ಅದಕ್ಕೇ" ಅಂದು ಇನ್ನೆರಡು ಅಂಟಿನುಂಡೆ ಕೊಡುತ್ತಾರೆ. ತಿನ್ನಿ, ಚೆನ್ನಾಗಿರುತ್ತದೆ. ಮಾರನೇ ದಿನ ಲ್ಯಾಬಿಗೂ ಹೋಗಿ ಬನ್ನಿ.