ಮನಶ್ಶಾಸ್ತ್ರದ ಪ್ರಾಜೆಕ್ಟ್: ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು ಹೇಗೆ?

ಪ್ರತಿ ವರ್ಷ ಪ್ರಾಜೆಕ್ಟ್ ಒಪ್ಪಿಸುವ ಹೊತ್ತಿಗೆ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಅಂಕಿಗಳ ಹಾಳೆ ಹಿಡಿದು ಬಂದು ಕೇಳುವುದು ಒಂದೇ ಮಾತು: ‘ಸರ್, ಇದಕ್ಕೆ ಯಾವ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಹಾಕಬೇಕು?’ ಹಾಳೆ ಬಿಡಿಸಿ ನೋಡಿದರೆ ಯಾವ ಟೆಸ್ಟ್ ಹಾಕಿಯೂ ಪ್ರಯೋಜನವಿರುವುದಿಲ್ಲ. ಕೆಲಸ ಕೆಟ್ಟಿರುವುದು ಪ್ರಶ್ನಾವಳಿ ತಯಾರಾದ ದಿನ. ಆರು ತಿಂಗಳ ದುಡಿಮೆ ಹೀಗೆ ನೀರುಪಾಲಾಗುವುದನ್ನು ಕಂಡು ಸಂಕಟವಾಗಿಯೇ ಇದನ್ನು ಬರೆಯುತ್ತಿದ್ದೇನೆ.

1. ಸಂಶೋಧನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ದಿನಾಂಕ ಹಾಕಿ. ಉದಾಹರಣೆಗೆ, ‘ಕಡಿಮೆ ನಿದ್ದೆ ಮಾಡುವ ಪದವಿ ವಿದ್ಯಾರ್ಥಿಗಳಲ್ಲಿ ಒತ್ತಡ ಹೆಚ್ಚಿರುತ್ತದೆಯೇ?’ ಪಿಯು ಮಕ್ಕಳನ್ನು ಆರಿಸಿಕೊಂಡರೆ ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆಯೂ ಬೇಕು ಎಂಬುದು ನೆನಪಿರಲಿ.

2. ಅಳತೆಗೋಲನ್ನು ನೀವೇ ಹೊಸದಾಗಿ ಕಟ್ಟಲು ಹೋಗಬೇಡಿ. ಒತ್ತಡ ಅಳೆಯಲು ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ‘ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್’ ಎಂಬ ಪ್ರಶ್ನಾವಳಿ ಇದೆ. ಅದರ 10 ಪ್ರಶ್ನೆಗಳ ರೂಪ ಸಾಕು. ಕಳೆದ ಒಂದು ತಿಂಗಳಲ್ಲಿ ಹೀಗೆ ಎಷ್ಟು ಸಲ ಅನ್ನಿಸಿತು ಎಂದು ಕೇಳಿ, ಉತ್ತರಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ.

3. ಈಗ ಅನುವಾದ. ಇಲ್ಲಿ ಎರಡು ವಾರ ಹೋದರೂ ಹೋಗಲಿ.

ಮೊಬೈಲಿನ ಅನುವಾದ ಆ್ಯಪ್ ಮುಟ್ಟಲೇಬೇಡಿ. ಕೋಹೆನ್ ಪಟ್ಟಿಯಲ್ಲಿ ‘ಎಲ್ಲವೂ ನಿಮ್ಮ ಹಿಡಿತದಲ್ಲಿದೆ ಅನ್ನಿಸಿತೇ’ ಎಂಬರ್ಥದ ಪ್ರಶ್ನೆಯೊಂದಿದೆ, ಇಂಗ್ಲಿಷಿನಲ್ಲಿ ‘ಆನ್ ಟಾಪ್ ಆಫ್ ಥಿಂಗ್ಸ್’. ಆ್ಯಪ್ ನೆಚ್ಚಿಕೊಂಡ ವಿದ್ಯಾರ್ಥಿಯೊಬ್ಬನ ಹಾಳೆಯಲ್ಲಿ ಅದು ‘ನೀವು ವಸ್ತುಗಳ ಮೇಲಿದ್ದೀರಿ ಎಂದು ಎಷ್ಟು ಬಾರಿ ಭಾವಿಸಿದ್ದೀರಿ’ ಎಂದಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಅದಕ್ಕೂ ಗುರುತು ಹಾಕಿ ಕೊಟ್ಟಿದ್ದರು! ಪ್ರಶ್ನೆ ಅರ್ಥವಾಗದಿದ್ದರೂ ಜನ ಸೌಜನ್ಯಕ್ಕೆ ಗುರುತು ಹಾಕುತ್ತಾರೆ. ಅಂಕಿಯನ್ನು ನೋಡಿ ಅದನ್ನು ಪತ್ತೆ ಹಚ್ಚುವುದು ಕಷ್ಟ. ‘ನರ್ವಸ್’ ಎಂಬುದನ್ನು ಇನ್ನೊಬ್ಬರು ‘ನರದೌರ್ಬಲ್ಯ’ ಮಾಡಿದ್ದರು. ಬಸ್ ನಿಲ್ದಾಣದ ಗೋಡೆಗಳ ಮೇಲೆ ಆ ಪದ ಯಾವ ಜಾಹೀರಾತಿನಲ್ಲಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಂಥ ಪ್ರಶ್ನೆಗೆ ಯಾವ ಹುಡುಗ ನಿಜ ಹೇಳುತ್ತಾನೆ? ‘ಗಾಬರಿ’, ‘ಕಳವಳ’ ಸಾಕು.

ಇದಕ್ಕಿಂತ ದೊಡ್ಡ ಗುಂಡಿ ‘ಇಲ್ಲ’ ಎಂಬ ಪದ. ಈ ಪ್ರಶ್ನೆ ನೋಡಿ: ‘ಮಾಡಬೇಕಾದ ಕೆಲಸಗಳನ್ನೆಲ್ಲ ನಿಭಾಯಿಸಲು ಆಗಲಿಲ್ಲ ಎಂದು ಎಷ್ಟು ಸಲ ಅನ್ನಿಸಿತು?’ ಮೊದಲ ಆಯ್ಕೆ ‘ಎಂದೂ ಇಲ್ಲ’. ತೀರಾ ಸೋತುಹೋದ ಹುಡುಗಿ ‘ಎಂದೂ ಆಗಲಿಲ್ಲ’ ಎಂಬರ್ಥದಲ್ಲಿ ಅದಕ್ಕೇ ಗುರುತು ಹಾಕುತ್ತಾಳೆ. ಅವಳಿಗೆ ಸಿಗಬೇಕಾದದ್ದು 4, ಸಿಗುವುದು 0. ‘ಊಟ ಆಗಿಲ್ಲವೇ?’ ಎಂದರೆ ‘ಹೌದು, ಆಗಿಲ್ಲ’ ಎನ್ನುವ ಭಾಷೆ ನಮ್ಮದು. ಆದ್ದರಿಂದ ಪ್ರಶ್ನೆಯೊಳಗಿನ ‘ಇಲ್ಲ’ವನ್ನು ಕಿತ್ತುಹಾಕಿ, ‘ಕೆಲಸಗಳು ಕೈಮೀರಿ ಹೋದವು ಎಂದು ಎಷ್ಟು ಸಲ ಅನ್ನಿಸಿತು?’ ಎಂದು ಬರೆಯಿರಿ. ಆಯ್ಕೆಯನ್ನೂ ‘ಒಮ್ಮೆಯೂ ಹಾಗೆ ಅನ್ನಿಸಲಿಲ್ಲ’ ಎಂದು ಪೂರ್ತಿ ಬಿಡಿಸಿ ಬರೆಯಿರಿ. ಸಾಲು ಉದ್ದವಾದರೆ ಆಗಲಿ.

ಬರೆದ ಮೇಲೆ ಇಂಗ್ಲಿಷ್ ಮೂಲವನ್ನು ನೋಡಿರದ ಒಬ್ಬರಿಂದ ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ, ಮೂಲದ ಜೊತೆ ಹೋಲಿಸಿ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಹಿಮ್ಮರಳು ಅನುವಾದ ಇಂದಿಗೂ ಅಗತ್ಯವೇ. ಆದರೆ ಅದೊಂದೇ ಸಾಲದು. ಪ್ರಶ್ನಾವಳಿ ತುಂಬಬೇಕಾದಂಥವರಲ್ಲಿ ಐದಾರು ಮಂದಿಯ ಪಕ್ಕ ಕುಳಿತು, ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿಸಿ, ‘ಇದನ್ನು ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ. ಬೀದರಿನವರೊಬ್ಬರು, ಮಂಗಳೂರಿನವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಪ್ರಶ್ನೆಯನ್ನು ತಿದ್ದಿ. ನನ್ನನ್ನು ಕೇಳಿದರೆ ಈ ಒಂದು ಮಧ್ಯಾಹ್ನ ಉಳಿದೆಲ್ಲ ವಿಧಿಗಳಿಗಿಂತ ಬೆಲೆಯುಳ್ಳದ್ದು. ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞ ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದೂ ಬರೀ ಪದ ಬದಲಿಸಿ ಅಲ್ಲ, ಇಲ್ಲಿನ ಮಕ್ಕಳ ಮೇಲೆಯೇ ಪರೀಕ್ಷಿಸಿ.

4. ಉತ್ತರ ಸಂಗ್ರಹಿಸಿ. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಫಾರ್ಮ್ ಕಳಿಸಿ ಕೈತೊಳೆದುಕೊಳ್ಳಬೇಡಿ. ತರಗತಿಗೆ ಹೋಗಿ ಕಾಗದ ಹಂಚಿ. ಎರಡು ಅಳತೆಗಳು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ತೋರಿಸುವ ಅಂಕಿಯೇ ಸಹಸಂಬಂಧ. ಅದು ಮಧ್ಯಮ ಮಟ್ಟದ್ದು, ಅಂದರೆ 0.3ರಷ್ಟು, ನಿಜವಾಗಿಯೂ ಇದ್ದರೆ ಅದನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಲು ಸುಮಾರು 85 ಮಂದಿ ಬೇಕು. ಮೂವತ್ತು ಸಾಕು ಎಂಬ ಹಾಸ್ಟೆಲ್ ಮಾತನ್ನು ನಂಬಬೇಡಿ.

5. ಅಂಕ ತಿರುಗಿಸಿ. ಇದನ್ನು ಮರೆಯುವವರೇ ಹೆಚ್ಚು. ಹತ್ತರಲ್ಲಿ 4, 5, 7, 8ನೆಯ ಪ್ರಶ್ನೆಗಳು ನೆಮ್ಮದಿಯನ್ನು ಕೇಳುತ್ತವೆ. ಅಲ್ಲಿ ಹೆಚ್ಚು ಅಂಕ ಎಂದರೆ ಕಡಿಮೆ ಒತ್ತಡ. ಒತ್ತಡದಲ್ಲಿರುವ ಒಬ್ಬರು ಉಳಿದ ಆರಕ್ಕೆ ತಲಾ 3, ಈ ನಾಲ್ಕಕ್ಕೆ ತಲಾ 1 ಕೊಟ್ಟರು ಎನ್ನಿ: ಹಾಗೇ ಕೂಡಿದರೆ 22. ನೆಮ್ಮದಿಯಾಗಿರುವ ಇನ್ನೊಬ್ಬರು ಆರಕ್ಕೆ ತಲಾ 1, ನಾಲ್ಕಕ್ಕೆ ತಲಾ 3 ಕೊಟ್ಟರೆ 18. ಬರೀ ನಾಲ್ಕಂಕದ ಅಂತರ! ಆ ನಾಲ್ಕು ಪ್ರಶ್ನೆಗಳ ಅಂಕವನ್ನು 4ರಿಂದ ಕಳೆದು ಆಮೇಲೆ ಕೂಡಿ. ಮೊದಲನೆಯವರಿಗೆ 30, ಎರಡನೆಯವರಿಗೆ 10 ಬರುತ್ತದೆ. (ಅಂಕ 1ರಿಂದ 5ರವರೆಗೆ ಇರುವ ಪ್ರಶ್ನಾವಳಿಗಳಲ್ಲಿ 6ರಿಂದ ಕಳೆಯಬೇಕು.) ತಿರುಗಿಸಿದ ಮೇಲೆ, ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ ನೋಡಿ, 0.70ಕ್ಕಿಂತ ಬಹಳ ಕೆಳಗಿದ್ದರೆ ಯಾವುದೋ ಪ್ರಶ್ನೆ ತಲೆಕೆಳಗಾಗಿಯೇ ಉಳಿದಿರಬಹುದು.

ಅಂಕಿ ಕೊಟ್ಟರೆ ಅಧ್ಯಾಯವನ್ನೇ ಬರೆದುಕೊಡುವ ಅಂಗಡಿಗಳಿಗೆ ಹೋಗಬೇಡಿ. ಅಂಥ ಒಂದು ಕಡೆಯಿಂದ ಬಂದ ಕೋಷ್ಟಕದಲ್ಲಿ ಗಂಡು 1, ಹೆಣ್ಣು 2 ಎಂದು ಕೊಟ್ಟಿದ್ದ ಸಂಕೇತಗಳಿಗೂ ಸರಾಸರಿ ತೆಗೆದಿದ್ದರು. ಲೆಕ್ಕ ಹಾಕಲು ಕದ್ದ ಪ್ರತಿಯ ತಂತ್ರಾಂಶ ಎಸ್‌ಪಿಎಸ್‌ಎಸ್ ಕೂಡ ಬೇಡ. ಅದೇ ಕೆಲಸ ಮಾಡುವ ಜಾಸ್ಪ್, ಜಾಮೋವಿ ಎರಡೂ ಉಚಿತ, ಒಂದು ಸಂಜೆಯಲ್ಲಿ ಕಲಿಯಬಹುದು.

6. ಸಹಸಂಬಂಧ ಲೆಕ್ಕ ಹಾಕುವ ಮೊದಲು ಒಬ್ಬೊಬ್ಬರ ನಿದ್ದೆ, ಒತ್ತಡಕ್ಕೆ ಒಂದೊಂದು ಚುಕ್ಕೆಯಿಟ್ಟು ಚುಕ್ಕೆ ನಕ್ಷೆ (ಸ್ಕ್ಯಾಟರ್ ಪ್ಲಾಟ್) ಬಿಡಿಸಿ ನೋಡಿ. ‘ಪಿ’ ಬೆಲೆ 0.05ಕ್ಕಿಂತ ಕಡಿಮೆ ಬಂದರೆ ನಿಮ್ಮ ಊಹೆ ನಿಜವಾಗಿರುವ ಸಾಧ್ಯತೆ ಶೇ 95 ಎಂದು ಬರೆಯಬೇಡಿ. ನಿದ್ದೆಗೂ ಒತ್ತಡಕ್ಕೂ ಸಂಬಂಧವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂಕಿ ಎಷ್ಟು ಅಪರೂಪಕ್ಕೆ ಬರುತ್ತಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಸಂಬಂಧ ಸಿಗಲಿಲ್ಲವೆಂದು ಪ್ರಶ್ನೆಯನ್ನೇ ಬದಲಿಸುವ ಆಸೆ ಬಂದರೆ, ಮೊದಲ ದಿನ ದಿನಾಂಕ ಹಾಕಿಟ್ಟ ಹಾಳೆಯನ್ನು ತೆಗೆದು ನೋಡಿ. 2015ರಲ್ಲಿ ಪ್ರಕಟವಾದ ಜಂಟಿ ಯತ್ನವೊಂದರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿದರು. ಮೊದಲ ಸಲ ಶೇ 97ರಲ್ಲಿ ‘ಪಿ’ ಗೆದ್ದಿತ್ತು, ಎರಡನೆಯ ಸಲ ಗೆದ್ದದ್ದು ಶೇ 36ರಲ್ಲಿ ಮಾತ್ರ. ಸಂಬಂಧ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ತಿದ್ದಿದ ಕನ್ನಡ ಪ್ರಶ್ನಾವಳಿಯನ್ನು ಅನುಬಂಧದಲ್ಲಿ ಪೂರ್ತಿ ಸೇರಿಸಿ, ಮುಂದಿನ ವರ್ಷದವರು ಅಲ್ಲಿಂದಲೇ ಶುರು ಮಾಡುತ್ತಾರೆ.