ವಿಭಕ್ತಿ ಹಿಡಿದು ಫ್ರೆಂಚ್ ಕಲಿತೆ: ನನ್ನ ಅನುಭವ

ಫ್ರೆಂಚ್ ಕಲಿಯುವವರಿಗಿರುವ ಡೆಲ್ಫ್ ಪರೀಕ್ಷೆಯ ಮೊದಲ ಹಂತ ಎ1ರಲ್ಲಿ ನೂರಕ್ಕೆ ಎಂಬತ್ತರ ಮೇಲೆ ಬಂತು, 83 ಇರಬೇಕು. ಪಾಸಾಗಲು ಒಟ್ಟು 50 ಬೇಕು. "ಕನ್ನಡ ಇಟ್ಟುಕೊಂಡು ಫ್ರೆಂಚ್ ಕಲಿಯುತ್ತೀರಾ? ಇಂಗ್ಲಿಷಿನಲ್ಲಿ ಯೋಚಿಸಿ, ಸುಲಭ" ಎಂದು ಬುದ್ಧಿ ಹೇಳಿದ್ದ ಸಹಪಾಠಿಗಳಿಗೆ ಅಂಕಪಟ್ಟಿಯ ಫೋಟೊ ಕಳುಹಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮೊದಲ ವರ್ಷ ಹಣ ನೀರಿನಂತೆ ಹೋಯಿತು. ಮೂರು ತಿಂಗಳ ತರಗತಿಗೆ ಅರ್ಧ ತಿಂಗಳ ಸಂಬಳ. ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ; ಬಳಸಿದ್ದು ಹೆಚ್ಚೆಂದರೆ ನಲವತ್ತು ದಿನ. ಎರಡು ವ್ಯಾಕರಣ ಪುಸ್ತಕ ಕೊಂಡೆ, ಒಂದರ ಪ್ಲಾಸ್ಟಿಕ್ ಹೊದಿಕೆ ಇಂದಿಗೂ ಹರಿದಿಲ್ಲ. ಇಷ್ಟಾದ ಮೇಲೂ ನನ್ನ ಸ್ಥಿತಿ, ಏಳೆಂಟಲ ಎಷ್ಟು ಎಂದರೆ ಏಳೊಂದಲ ಏಳರಿಂದ ಶುರು ಮಾಡುವ ಹುಡುಗನದ್ದು. "ನಾವು ಬರುತ್ತೇವೆ" ಎನ್ನಲು ‘ನಾನು’ವಿನಿಂದ ಹಿಡಿದು ಕ್ರಿಯಾಪದದ ಕೋಷ್ಟಕವಿಡೀ ಇಳಿದು ಬರಬೇಕಿತ್ತು. ಅಷ್ಟರಲ್ಲಿ ಎದುರಿನವರು ಬಂದು ಹೋಗಿರುತ್ತಿದ್ದರು.

ಕೋಷ್ಟಕ ಹರಿದು ಹಾಕಿದ್ದು ಮೊದಲ ಒಳ್ಳೆಯ ಕೆಲಸ. ‘ಪಾರ್ಲೇ’ (ಮಾತನಾಡು) ಕ್ರಿಯಾಪದಕ್ಕೆ ವರ್ತಮಾನದಲ್ಲಿ ಆರು ರೂಪಗಳಿವೆ ಎಂದು ಹೆದರಿಸುತ್ತಾರೆ. ಕಿವಿಗೆ ಬೀಳುವುದು ಮೂರೇ: ಪಾರ್ಲ್, ಪಾರ್ಲೋಂ, ಪಾರ್ಲೇ. ನಾನು, ನೀನು, ಅವನು, ಅವರು, ನಾಲ್ವರಿಗೂ ಒಂದೇ ಪಾರ್ಲ್. ಮಾತಿನಲ್ಲಿ ‘ನೂ’ (ನಾವು) ಬದಲು ‘ಓಂ’ ಎಂಬ ಸರ್ವನಾಮ ಬಳಸುವುದರಿಂದ ಪಾರ್ಲೋಂ ಕೂಡ ಅಪರೂಪವೇ. ಕನ್ನಡದಲ್ಲಿ ಮಾಡುತ್ತೇನೆ, ಮಾಡುತ್ತೀಯೆ, ಮಾಡುತ್ತಾರೆ ಎಂದು ಕೊನೆಯಲ್ಲಿ ಆಳು ಗುರುತಿಸುವ ಕಿವಿ ನಮ್ಮದು. ಫ್ರೆಂಚಿನಲ್ಲಿ ಆ ಕೆಲಸವನ್ನು ಮುಂದಿನ ಸರ್ವನಾಮಕ್ಕೆ ಒಪ್ಪಿಸಬೇಕು. ಹಾಗಾಗಿ ಧ್ವನಿಯ ಪುಸ್ತಕ ಒಂದು, ಕಾಗುಣಿತದ ಪುಸ್ತಕ ಇನ್ನೊಂದು ಮಾಡಿಕೊಂಡೆ. ಸುಮಾರು ಅರವತ್ತು ಕ್ರಿಯಾಪದ, ದಿನಕ್ಕೆ ಮುಕ್ಕಾಲು ಗಂಟೆ, ನಾಲ್ಕು ತಿಂಗಳು.

ಹಟಮಾರಿಗಳನ್ನು ಬೇರೆ ಕೂರಿಸಿದೆ. ‘ಅವರು’ ರೂಪದಲ್ಲಿ ಸೋಂ, ಓಂ, ವೋಂ, ಫೋಂ: ಇರು, ಹೊಂದಿರು, ಹೋಗು, ಮಾಡು. ಕೊನೆಯ ‘ಓಂ’ ವರ್ತಮಾನದಲ್ಲಿ ಈ ನಾಲ್ಕರ ಸೊತ್ತು. ‘ನೀವು’ ರೂಪದಲ್ಲಿ ಕೊನೆಗೆ ‘ಏ’ ಒಲ್ಲದ ಎತ್, ದಿತ್, ಫೆತ್ (ಇರು, ಹೇಳು, ಮಾಡು) ಎಂಬ ಮೂರು ಕಿಡಿಗೇಡಿಗಳು. ‘ಇಲ್ ಸೋಂ’ ಎಂದರೆ ಅವರು ಇದ್ದಾರೆ, ‘ಇಲ್ ಜೋಂ’ ಎಂದರೆ ಅವರ ಬಳಿ ಇದೆ. ಈ ಸಕಾರ, ಜಕಾರದ ನಡುವೆ ಒಂದು ಅಣಕು ಪರೀಕ್ಷೆಯಲ್ಲಿ ಜಾರಿ ಬಿದ್ದೆ. "ಅವರು ದಣಿದಿದ್ದಾರೆ" ಎನ್ನಲು ಹೋಗಿ ದಣಿವನ್ನು ಅವರ ಆಸ್ತಿಯಾಗಿಸಿದೆ.

ಇನ್ನು ಉಪಸರ್ಗಗಳು, ಎಂದರೆ ನಾಮಪದದ ಮುಂದೆ ಕೂರುವ ಆ, ದ, ಆಂ, ದಾಂ. ಇಂಗ್ಲಿಷಿನ ಮೂಲಕ ಕಲಿತಷ್ಟು ದಿನವೂ ತಪ್ಪಿದೆ. ಒಂದು ದಿನ "ಅವನಿಗೆ ಫೋನ್ ಮಾಡುತ್ತೇನೆ" ಎಂದು ಕನ್ನಡದಲ್ಲಿ ಬರೆದು ನೋಡಿದೆ. ನಮ್ಮ ‘ಗೆ’ ಇದ್ದಲ್ಲಿ ಅವರ ‘ಆ’ ಇದೆ! ಪ್ರಶ್ನೆಗೆ ಉತ್ತರಿಸು: ಅಲ್ಲೂ ‘ಆ’. ಚಿತ್ರವನ್ನು ನೋಡು, ಹಾಡನ್ನು ಕೇಳು, ಬೀಗದಕೈಯನ್ನು ಹುಡುಕು: ನಮ್ಮಲ್ಲಿ ‘ಅನ್ನು’, ಅವರಲ್ಲಿ ಏನೂ ಇಲ್ಲ. ಇಂಗ್ಲಿಷ್ ಮಾತ್ರ ಈ ಮೂರಕ್ಕೂ ಒಂದೊಂದು ಬಾಲ ಅಂಟಿಸುತ್ತದೆ. ‘ಆ’ ಮತ್ತು ಪುಲ್ಲಿಂಗ ನಾಮಪದದ ಮುಂದೆ ಬರುವ ‘ಲ’ ಸೇರಿ ‘ಓ’ ಆಗುವುದು ನನಗೆ ನಿಯಮವೆನಿಸಲೇ ಇಲ್ಲ, ಸಂಧಿ ಎಂದುಕೊಂಡೆ, ಮುಗಿಯಿತು.

ಅತಿ ಹೆಚ್ಚು ಖುಷಿ ಕೊಟ್ಟದ್ದು ‘ದಪ್ವಿ’, ಎಂದರೆ ಕಾಲ ಹೇಳುವ ನಮ್ಮ ‘ಇಂದ’. ಮೂರು ವರ್ಷದಿಂದ ಇಲ್ಲಿ ಇದ್ದೇನೆ: ನಾವು ವರ್ತಮಾನದಲ್ಲೇ ಹೇಳುತ್ತೇವೆ, ಅವರೂ ಅಷ್ಟೆ. ತರಗತಿಯಲ್ಲಿ ಇದಕ್ಕೆ ಎರಡು ಪಾಠ ತೆಗೆದುಕೊಂಡಿದ್ದರು. ಎರಡು ಗಂಟೆ ಬಿಟ್ಟು ಬರುತ್ತೇನೆ ಎಂದರೆ ‘ದಾಂ’, ಎರಡು ಗಂಟೆಯಲ್ಲಿ ಮುಗಿಸುತ್ತೇನೆ ಎಂದರೆ ‘ಆಂ’. ಇದೂ ಕನ್ನಡದಲ್ಲಿ ಯೋಚಿಸಿದರೆ ಗೊಂದಲವೇ ಅಲ್ಲ.

ಎಲ್ಲ ಕಡೆಯೂ ಹೀಗೆ ನಡೆಯಲಿಲ್ಲ. ನಾವು ಬಸ್ಸಿಗೆ ಕಾಯುತ್ತೇವೆ, ಅವರು ಬಸ್ಸನ್ನು ಕಾಯುತ್ತಾರೆ. ನಾವು ಅವನನ್ನು ಕೇಳುತ್ತೇವೆ, ಅವರು ಅವನಿಗೆ ಕೇಳುತ್ತಾರೆ. ಪ್ಯಾರಿಸ್‌ಗೆ, ಪ್ಯಾರಿಸ್‌ನಲ್ಲಿ ಎರಡಕ್ಕೂ ಒಂದೇ ‘ಆ’. ದೇಶಗಳಂತೂ ಲಿಂಗ ನೋಡಿ ಬದಲಾಗುತ್ತವೆ: ಸ್ತ್ರೀಲಿಂಗದ ಫ್ರಾನ್ಸ್‌ಗೆ ‘ಆಂ’, ಪುಲ್ಲಿಂಗದ ಕೆನಡಾಕ್ಕೆ ‘ಓ’. ಮೆಕ್ಸಿಕೊದ ಫ್ರೆಂಚ್ ಹೆಸರು ಸ್ತ್ರೀಲಿಂಗದಂತೆ ಮುಗಿದರೂ ‘ಓ’. ಇರಾನ್ ಪುಲ್ಲಿಂಗವಾದರೂ ಸ್ವರದಿಂದ ಶುರುವಾಗುವುದರಿಂದ ‘ಆಂ’. ಇಂಥ ಇಪ್ಪತ್ತೈದು ಮೂವತ್ತು ಅಪವಾದಗಳಿಗೆ ಕೆಂಪು ಚೀಟಿ ಮಾಡಿದೆ. ಆ ಚೀಟಿಗಳನ್ನು ಯಾವ ಕ್ರಮದಲ್ಲಿ ತಿರುವಿ ಹಾಕಿದೆ ಎಂಬುದು ನನ್ನಲ್ಲೇ ಇರಲಿ. ಎಂಬತ್ತರ ಮೇಲೆ ಬಂದದ್ದು ಅದರಿಂದಲೇ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಫ್ರೆಂಚ್ ಪದಗಳನ್ನು ಕನ್ನಡದ ಕ್ರಮದಲ್ಲೇ ಜೋಡಿಸಿ, ಪ್ಯಾರಿಸ್ ಆದ ಮೇಲೆ ‘ಆ’, ಕೊನೆಯಲ್ಲಿ ‘ಹೋಗುತ್ತೇನೆ’, ಹೀಗೆ ಹೇಳಿಕೊಳ್ಳುವುದು. ಉಪಸರ್ಗವೆಂದರೆ ಮುಂದಕ್ಕೆ ಹಾರಿದ ಪ್ರತ್ಯಯ ಎಂಬುದು ಹತ್ತು ದಿನದಲ್ಲಿ ತಲೆಗೆ ಹೋಯಿತು. ಹದಿನೈದನೆಯ ದಿನ ತರಗತಿಯಲ್ಲಿ ಹಾಗೆಯೇ ಮಾತನಾಡಿಬಿಟ್ಟೆ. ಆ ಚಾಳಿ ಬಿಡಿಸಿಕೊಳ್ಳಲು ಮೂರು ವಾರ ಹಿಡಿಯಿತು. ಮಾಡುವುದಿದ್ದರೆ ಒಂದೇ ವಾರಕ್ಕೆ ನಿಲ್ಲಿಸಿ.

ಈ ನಾಲ್ಕು ತಿಂಗಳಿಗೆ ತಗುಲಿದ್ದು ಎರಡು ನೋಟ್‌ಪುಸ್ತಕ, ಒಂದು ಕಟ್ಟು ಕೆಂಪು ಕಾಗದ ಮತ್ತು ಪರೀಕ್ಷಾ ಶುಲ್ಕ. ಈಗ ಭೂತಕಾಲಕ್ಕೆ ಕೈ ಹಾಕಿದ್ದೇನೆ. ಅಲ್ಲಿ ಯಾವ ಕ್ರಿಯೆಗೆ ‘ಇರು’, ಯಾವುದಕ್ಕೆ ‘ಹೊಂದಿರು’ ಸಹಾಯಕವಾಗಿ ಬರುತ್ತದೆ ಎಂಬ ವಿಷಯದಲ್ಲಿ ಕನ್ನಡ ಈವರೆಗೆ ಬಾಯಿ ಬಿಟ್ಟಿಲ್ಲ. ಕೆಂಪು ಕಾಗದ ಇನ್ನೊಂದು ಕಟ್ಟು ತಂದಿದ್ದೇನೆ.